ಹಳದಿ ಮುಚ್ಚಳ

ಬಾಗಿಲು ಬಡಿದವನು ಪೆಟ್ಟಿಗೆಯವನು. ಎರಡು ಪೆಟ್ಟಿಗೆಗಳನ್ನು ಒಂದರ ಮೇಲೊಂದಿಟ್ಟು ಎದೆಗೊತ್ತಿಕೊಂಡು, ಮಹಡಿಗಳನ್ನೆಲ್ಲ ಹತ್ತಿ ಬಂದು ಏದುಸಿರು ಬಿಡುತ್ತ ನಿಂತಿದ್ದ. ಮೇಲಿನದು ನನ್ನದು, ಕೆಳಗಿನದು ನಮ್ಮ ಯಜಮಾನರದು. ಯಜಮಾನರು ಹೋಗಿ ಆಗ ತಿಂಗಳು ಕೂಡ ತುಂಬಿರಲಿಲ್ಲ.

"ಸಾರ್ ಇಲ್ವಾ?" ಎಂದು ಕೇಳಿದ. ಪ್ರತಿ ತಿಂಗಳೂ ಅವನಿಗೆ ಒಂದು ಲೋಟ ನೀರು ಕೊಟ್ಟು, ಯಾವ ರಸ್ತೆಯಲ್ಲಿ ಬಂದೆ, ಅದು ಬಿಟ್ಟು ಈ ರಸ್ತೆಯಲ್ಲಿ ಬರಬಾರದಿತ್ತೇ ಎಂದು ತನಿಖೆ ನಡೆಸುತ್ತಿದ್ದವರು ಅವರೇ.

"ಸ್ನಾನಕ್ಕೆ ಹೋಗಿದ್ದಾರೆ" ಅಂದೆ.

ಯಾಕೆ ಹಾಗೆಂದೆನೋ ಗೊತ್ತಿಲ್ಲ. ಕಂಡಕಂಡವರಿಗೆಲ್ಲ "ಹೋಗಿಬಿಟ್ಟರು" ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು. ಹೇಳಿದ ಕೂಡಲೇ ಕೇಳಿದವರ ಮುಖ ಬಾಡುತ್ತದೆ, ಕೊನೆಗೆ ಅವರನ್ನು ಸಮಾಧಾನ ಮಾಡುವ ಕೆಲಸವೂ ನನ್ನ ತಲೆಗೇ ಬರುತ್ತದೆ. ಅವತ್ತು ಇನ್ನೊಬ್ಬರನ್ನು ಸಮಾಧಾನ ಮಾಡುವ ಶಕ್ತಿ ನನ್ನಲ್ಲಿರಲಿಲ್ಲ. ಪೆಟ್ಟಿಗೆಯವನು ತಲೆಯಾಡಿಸಿ, ಪೆಟ್ಟಿಗೆಗಳನ್ನು ಹೊಸಿಲ ಒಳಗಿಟ್ಟು, ಮೆಟ್ಟಿಲಿಳಿದು ಹೋದ. ಬೀಸೋ ದೊಣ್ಣೆ ತಪ್ಪಿತು ಅಂದುಕೊಂಡು ಬಾಗಿಲು ಹಾಕಿದೆ. ಆಮೇಲೆ ನನಗೇ ತಿಳಿಯದಂತೆ ಬಚ್ಚಲುಮನೆಯ ಕಡೆ ತಿರುಗಿ ನೋಡಿದೆ. ನೀರಿನ ಸದ್ದೇನೂ ಇರಲಿಲ್ಲ.

ಈ ಪೆಟ್ಟಿಗೆಗಳು ನಮ್ಮ ಮನೆಗೆ ಬಂದದ್ದು ಹೇಗೆಂದು ಹೇಳಬೇಕು. ನಮ್ಮವರು ಸಿಟಿ ಬಸ್ಸಿನ ಡ್ರೈವರು. ಬಸ್ ಡ್ರೈವರನ ಹೊಟ್ಟೆಯೂ ಸರ್ಕಾರಿ ಕಡತವೂ ಒಂದೇ. ಒಳಗೆ ಹೋದದ್ದು ಹೊರಗೆ ಬರಲು ಕಾಲ ಕೂಡಿಬರಬೇಕು. ಸೀಟು ಬಿಟ್ಟು ಏಳುವಂತಿಲ್ಲ, ಹೊತ್ತಿಗೆ ಸರಿಯಾಗಿ ಊಟವಿಲ್ಲ, ನೀರು ಕುಡಿದರೆ ಇಳಿಯಬೇಕಾಗುತ್ತದೆಂದು ನೀರೂ ಇಲ್ಲ. ನಿವೃತ್ತರಾಗಿ ಮನೆ ಸೇರಿದ ಮೇಲೆ ದಿನದ ಅರ್ಧ ಮಾತು ಅದರದೇ ಆಯಿತು. ಹಾಗಿರುವಾಗ ಆಸ್ಪತ್ರೆಯ ಗೋಡೆಯ ಮೇಲೆ ಒಂದು ಪ್ರಕಟಣೆ ನೋಡಿಕೊಂಡು ಬಂದರು. ಒಂದೇ ಮನೆಯಲ್ಲಿರುವ ಗಂಡ ಹೆಂಡತಿ ಬೇಕಂತೆ. ಮಾಂಸ, ಮೊಟ್ಟೆ ಕಡಿಮೆ ಮಾಡಿ ಕಡಲೆ, ಬಟಾಣಿ, ಬೇಳೆ, ಸೋಯಾ ಇವನ್ನೇ ಹೆಚ್ಚಾಗಿ ತಿಂದರೆ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಗೆ ಏನಾಗುತ್ತದೆ ಎಂದು ನೋಡುತ್ತಾರಂತೆ. ಕಾಳು ಅವರೇ ಕಳಿಸುತ್ತಾರೆ, ನಾವು ತಿಂಗಳಿಗೊಮ್ಮೆ ಸ್ಯಾಂಪಲ್ ಕೊಟ್ಟರೆ ಸಾಕು. ಯಾತರ ಸ್ಯಾಂಪಲ್ ಎನ್ನುವುದನ್ನು ನಮ್ಮವರು ನನಗೆ ಹೇಳಿದ್ದು ನಾನು ಸಹಿ ಹಾಕಿದ ಮೇಲೆ.

ಪೆಟ್ಟಿಗೆಯಲ್ಲಿ ಕಾಳಿನ ಪೊಟ್ಟಣಗಳ ಜೊತೆಗೆ ಒಂದು ಪುಟ್ಟ ಡಬ್ಬಿ ಇರುತ್ತಿತ್ತು, ಮುಚ್ಚಳಕ್ಕೇ ಅಂಟಿದ ಚಮಚದ ಸಮೇತ. ನನ್ನದಕ್ಕೆ ನೀಲಿ ಮುಚ್ಚಳ, ಅವರದಕ್ಕೆ ಹಳದಿ. ಬೆಳಿಗ್ಗೆ ಕಕ್ಕಸಿನಲ್ಲಿ ತುಂಬಿಸಿ ಫ್ರಿಜ್ಜಿನಲ್ಲಿಟ್ಟರೆ, ಎರಡು ದಿನ ಬಿಟ್ಟು ಪೆಟ್ಟಿಗೆಯವನೇ ಮಂಜುಗಡ್ಡೆಯ ಚೀಲ ತಂದು ಒಯ್ಯುತ್ತಿದ್ದ. ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಇಡಬೇಡಿ ಎಂದು ನಾನು ಕೂಗಾಡಿದ್ದಕ್ಕೆ ಲೆಕ್ಕವಿಲ್ಲ.

ಪ್ರತಿ ತಿಂಗಳ ಮೊದಲ ಶನಿವಾರ ಪ್ರಯೋಗಾಲಯದಿಂದ ಒಬ್ಬ ಹೆಣ್ಣುಮಗಳು ಫೋನು ಮಾಡುತ್ತಿದ್ದಳು. ನಮ್ಮವರು ಅವಳಿಗೆ ಇಟ್ಟ ಹೆಸರು ಹೊಟ್ಟೆ ಡಾಕ್ಟರು. ಅವಳು ಹೇಳಿದ್ದನ್ನು ಅವರು ತಮ್ಮ ಭಾಷೆಗೆ ತಿರುಗಿಸಿ ನನಗೆ ಹೇಳುತ್ತಿದ್ದರು. ದೊಡ್ಡ ಕರುಳೆಂದರೆ ಡಿಪೋ. ಬಾಯಿಂದ ಹತ್ತಿದ ಪ್ರಯಾಣಿಕರಲ್ಲಿ ಹೆಚ್ಚಿನವರು ಮೊದಲ ಸ್ಟಾಪುಗಳಲ್ಲೇ ಇಳಿದುಹೋಗುತ್ತಾರೆ. ಕಾಳಿನ ನಾರು, ಅದರ ಜೊತೆಗೆ ಒಂದಿಷ್ಟು ಪ್ರೊಟೀನು ಮಾತ್ರ ಡಿಪೋವರೆಗೂ ಬರುತ್ತವೆ. ಅಲ್ಲಿ ಕಾದಿರುವ ಸೂಕ್ಷ್ಮಜೀವಿಗಳು ಅವನ್ನು ತಿಂದು ಒಂದು ಬಗೆಯ ಹುಳಿ ರಸ ಮಾಡಿ ಕರುಳಿನ ಗೋಡೆಗೆ ಉಣ್ಣಿಸುತ್ತವೆ. ನಾರಿಲ್ಲದೆ ಬರೀ ಮಾಂಸವೇ ಹೋಗಿ ಬಿದ್ದರೆ ಅವು ಅದನ್ನೇ ಕೊಳೆಸಿ ನಾತ ಎಬ್ಬಿಸುತ್ತವೆ, ಗೋಡೆಗೂ ಅದು ಒಳ್ಳೆಯದಲ್ಲ. ಇನ್ನೊಂದು ವಿಷಯ ಅವರಿಗೆ ಬಹಳ ಹಿಡಿಸಿತ್ತು. ಒಂದೇ ಮನೆಯಲ್ಲಿ ಬಹುಕಾಲ ಬದುಕಿದವರ ನಡುವೆ ಈ ಜೀವಿಗಳು ಓಡಾಡಿಕೊಂಡಿರುತ್ತವಂತೆ. ಒಂದೇ ಅಡುಗೆ ಉಂಡರೆ ಇಬ್ಬರ ಹೊಟ್ಟೆಯೂ ಒಂದೇ ಥರ ಆಗುತ್ತದೆಯೇ ಎನ್ನುವುದೇ ಆ ಹುಡುಗಿಯ ಪ್ರಶ್ನೆ.

ನಮ್ಮ ಮಟ್ಟಿಗೆ ಅದು ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಸಂಸಾರ. ನನ್ನದು ಬ್ಯಾಗು ರಿಪೇರಿ ಅಂಗಡಿ, ಬಸ್ ನಿಲ್ದಾಣದ ಮೆಟ್ಟಿಲ ಕೆಳಗೆ. ಹರಿದ ಹಿಡಿಕೆ ಹೊಲಿಯುತ್ತೇನೆ, ಕೆಟ್ಟ ಜಿಪ್ಪು ಬದಲಾಯಿಸುತ್ತೇನೆ. ಪಕ್ಕದಲ್ಲೇ ಬನ್ನಿನವನ ಗಾಡಿ. ಹುರಿದ ಮಾಂಸದ ತುಂಡನ್ನು ಬನ್ನಿನೊಳಗಿಟ್ಟು ಅವನು ಒತ್ತುವಾಗ ಬರುವ ವಾಸನೆಗೆ ಯಾವ ವಿಜ್ಞಾನವೂ ನಿಲ್ಲುವುದಿಲ್ಲ. ಮಧ್ಯಾಹ್ನ ನಾನು ಅದನ್ನೇ ತಿನ್ನುತ್ತಿದ್ದೆ. ರಾತ್ರಿ ಮನೆಗೆ ಬಂದು ಅವರು ಬೇಯಿಸಿಟ್ಟ ಕಡಲೆಯನ್ನು ತಟ್ಟೆಯಲ್ಲಿ ಆ ಕಡೆಯಿಂದ ಈ ಕಡೆಗೆ ಉರುಳಿಸಿ ಎದ್ದುಬಿಡುತ್ತಿದ್ದೆ. ಅವರಿಗೆ ಗೊತ್ತಿತ್ತು. ನನ್ನ ಎದುರಿಗೇ ಆ ಹುಡುಗಿಗೆ ಫೋನಿನಲ್ಲಿ ಹೇಳುತ್ತಿದ್ದರು, ನನ್ನ ಹೆಂಡತಿಯ ಹೊಟ್ಟೆ ನನ್ನ ರೂಟಿನಲ್ಲಿ ಬರೋದಿಲ್ಲಮ್ಮ, ಬರೆದುಕೊಳ್ಳಿ ಎಂದು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಅವರು ಶುರುಮಾಡಿದರೆ, ಮಾತು ಬಲ್ಲವನಿಗೆ ಜಗಳವಿಲ್ಲ, ಅದನ್ನೂ ಕಲೀರಿ ಎಂದು ನಾನು ಮುಗಿಸುತ್ತಿದ್ದೆ.

ಸಂಜೆಯಾದರೆ ಅವರಿಗೆ ಒಂದೇ ಕೆಲಸ. ಸ್ಟೀಲಿನ ಪಾತ್ರೆ ತೆಗೆದು ನನಗೊಂದು ಹಿಡಿ, ತಮಗೊಂದು ಹಿಡಿ ಕಾಳು ಹಾಕಿ, ನೀರು ತುಂಬಿ, ತಟ್ಟೆ ಮುಚ್ಚುವುದು. ಇಷ್ಟು ವಯಸ್ಸಾದ ಮೇಲೆ ಇದೇನು ಹುಚ್ಚು ಎಂದು ಒಮ್ಮೆ ಕೇಳಿದೆ.

"ನೆನೆಹಾಕಿದ್ದೀನಿ ಅಂದ್ರೆ ನಾಳೆ ಇದೆ ಅಂತ ಅರ್ಥ ಕಣೇ" ಅಂದರು.

ಅವರು ಹೋದದ್ದು ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ. ಜೀವಮಾನವೆಲ್ಲ ಬಸ್ಸು ಓಡಿಸಿದವರು ಬಸ್ಸಿಗೆ ಕಾಯುತ್ತ ಹೋದರು. ಹೊಟ್ಟೆ ಸರಿಹೋಗಿತ್ತು, ಎದೆ ಕೈಕೊಟ್ಟಿತು. ಅವತ್ತು ನೆನೆಹಾಕಿದ್ದ ಕಡಲೆ ಅಡುಗೆಮನೆಯ ಕಟ್ಟೆಯ ಮೇಲೆ ಹಾಗೇ ಇತ್ತು. ಬಂದವರೆಲ್ಲ ಹೋದ ಮೇಲೆ ನಾದಿನಿ "ಅತ್ತಿಗೆ, ಇದು ವಾಸನೆ ಬರ್ತಿದೆ" ಎಂದು ಚೆಲ್ಲಿ ಪಾತ್ರೆ ತೊಳೆದಿಟ್ಟಳು. ಅವಳದೇನೂ ತಪ್ಪಿಲ್ಲ. ಆದರೂ ಅದಕ್ಕಾಗಿ ನಾನು ಅವಳನ್ನು ಎಷ್ಟೋ ದಿನ ಸರಿಯಾಗಿ ಮಾತಾಡಿಸಲಿಲ್ಲ.

ಈಗ ನನ್ನ ಮುಂದೆ ಎರಡು ಪೆಟ್ಟಿಗೆ, ಎರಡು ಡಬ್ಬಿ. ಸ್ನಾನಕ್ಕೆ ಹೋಗಿದ್ದಾರೆ ಎಂದ ಮೇಲೆ ಹಳದಿ ಮುಚ್ಚಳದ ಡಬ್ಬಿಯನ್ನು ಖಾಲಿ ಕಳಿಸುವುದು ಹೇಗೆ? ನಗಬೇಡಿ. ಎರಡನ್ನೂ ನಾನೇ ತುಂಬಿಸಿದೆ. ಗಂಡನ ಹೆಸರಿನಲ್ಲಿ ನೀರಿನ ಬಿಲ್ಲು ಕಟ್ಟಿದ್ದೆ, ರೇಷನ್ ತಂದಿದ್ದೆ, ಅವರ ಅಕ್ಕನ ಬೈಗುಳ ತಿಂದಿದ್ದೆ; ಇದೊಂದು ಬಾಕಿಯಿತ್ತು.

ಆಮೇಲೆ ಕಾಳು. ಇಬ್ಬರ ಪಾಲು ಬಂದು ಕೂತಿದೆ, ಚೆಲ್ಲಲು ಮನಸ್ಸು ಬರುವುದಿಲ್ಲ. ಬನ್ನಿನವನ ಹತ್ತಿರವೂ ಹೋಗಲಾಗುತ್ತಿರಲಿಲ್ಲ. ಅವನು ನನ್ನನ್ನು ಕಂಡರೆ ದನಿ ತಗ್ಗಿಸುತ್ತಿದ್ದ, ಕೇಳದೆಯೇ ಒಂದು ತುಂಡು ಹೆಚ್ಚಿಗೆ ಇಡುತ್ತಿದ್ದ. ಆ ಹೆಚ್ಚಿಗೆಯ ತುಂಡನ್ನು ಕಾಗದದಲ್ಲೇ ಬಿಟ್ಟು ಏಳುತ್ತಿದ್ದೆ. ಹಾಗಾಗಿ ಮಧ್ಯಾಹ್ನಕ್ಕೂ ಡಬ್ಬಿಯಲ್ಲಿ ಕಾಳನ್ನೇ ಒಯ್ಯತೊಡಗಿದೆ. ಬೆಳಿಗ್ಗೆ ಅವರ ಪಾಲು, ಮಧ್ಯಾಹ್ನ ನನ್ನದು, ರಾತ್ರಿ ಉಳಿದದ್ದು. ಅಡುಗೆಯೂ ಅವರ ರೀತಿಯಲ್ಲೇ, ಬೆಳ್ಳುಳ್ಳಿ ಜಾಸ್ತಿ, ಉಪ್ಪು ಕಮ್ಮಿ. ಬೇರೆ ರೀತಿ ಮಾಡಿದರೆ ಯಾರದೋ ಮನೆಯ ಅಡುಗೆಯಂತಿರುತ್ತಿತ್ತು. ಮೊದಮೊದಲು ಹೊಟ್ಟೆ ಗುಡುಗಿದ ಗುಡುಗು ಅಷ್ಟಿಷ್ಟಲ್ಲ. ಕೇಳಿ ನಗಲು ಮನೆಯಲ್ಲಿ ಯಾರೂ ಇಲ್ಲ ಎನ್ನುವುದೊಂದು ಅನುಕೂಲ ಎಂದು ಹೇಳಿಕೊಂಡೆ, ಹೇಳಿಕೊಂಡು ಗೋಡೆ ನೋಡುತ್ತ ಕೂತೆ. ಬರಬರುತ್ತ ಹೊಟ್ಟೆ ಪಳಗಿತು. ಮೈಯೂ ಹಗುರಾಯಿತು, ಬೆಳಿಗ್ಗೆ ಏಳುವುದು ಸಲೀಸಾಯಿತು. ಎದ್ದು ಮಾಡುವುದೇನು ಎನ್ನುವುದು ಬೇರೆ ಮಾತು.

ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಅವರ ಫೋನು ಬಡಿದುಕೊಂಡಿತು. ಹೊಟ್ಟೆ ಡಾಕ್ಟರು.

"ಅಮ್ಮ, ಸಾರ್ ಹೇಗಿದ್ದಾರೆ?"

ಅಷ್ಟು ದಿನದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ಒಳ್ಳೆಯವರಾಗಿದ್ದರು, ನಗುನಗುತ್ತ ಇದ್ದರು. ಮುಗಿದುಹೋದ ಮಾತುಗಳು. ಈ ಹುಡುಗಿ ಒಬ್ಬಳ ಮಟ್ಟಿಗೆ ಅವರು ಇನ್ನೂ ಎಲ್ಲೋ ಪಕ್ಕದ ಕೋಣೆಯಲ್ಲಿ ಓಡಾಡಿಕೊಂಡಿದ್ದಾರೆ. ಚೆನ್ನಾಗಿದ್ದಾರಮ್ಮ ಅಂದೆ. ಅಂದದ್ದೇ ತಡ, ನನ್ನ ಎದೆಯ ಮೇಲೆ ಕೂತಿದ್ದ ಏನೋ ಎದ್ದು ಒಂದು ಗಳಿಗೆ ಆಚೆ ಹೋಯಿತು.

ಅಲ್ಲಿಂದ ಆ ಫೋನಿಗಾಗಿಯೇ ಬದುಕಿದೆ ಎಂದರೆ ಸುಳ್ಳಲ್ಲ. ಜಿಪ್ಪಿಗೆ ಎಣ್ಣೆ ಬಿಡುವಾಗ, ಮೆಟ್ಟಿಲು ಹತ್ತುವಾಗ, ಮುಂದಿನ ಫೋನಿಗೆ ಏನು ಹೇಳಲಿ ಎಂದು ಕೂಡಿಸಿಕೊಳ್ಳುತ್ತಿದ್ದೆ. ಒಂದು ಸಲ ಅವರು ತೂಕ ಇಳಿಸಿದ್ದರು. ಇನ್ನೊಂದು ಸಲ ಸೋಯಾ ಬೇಡ ಎಂದು ಮುನಿಸಿಕೊಂಡಿದ್ದರು. ಮತ್ತೊಂದು ಸಲ ಹೊಸ ಬಸ್ಸುಗಳ ಬ್ರೇಕು ಸರಿಯಿಲ್ಲವೆಂದು ಡಿಪೋ ಮ್ಯಾನೇಜರನನ್ನು ಬಯ್ಯುತ್ತಿದ್ದರು. ಹುಡುಗಿ ನಗುತ್ತಿದ್ದಳು. ಅವರ ಕೈಗೇ ಫೋನು ಕೊಡಿ ಎಂದರೆ ಈಗಷ್ಟೇ ಕೆಳಗೆ ಹೋದರು ಎನ್ನುತ್ತಿದ್ದೆ. ಸಾರ್‌ಗೆ ಕೇಳಿದೆ ಅಂತ ಹೇಳಿ ಎಂದು ಫೋನಿಡುತ್ತಿದ್ದಳು. ಪ್ರತಿ ತಿಂಗಳೂ ಹಳದಿ ಮುಚ್ಚಳದ ಡಬ್ಬಿಯನ್ನು ನೀಲಿಯದರ ಪಕ್ಕದಲ್ಲಿಟ್ಟು, ಫ್ರಿಜ್ಜಿನ ಬಾಗಿಲು ಮುಚ್ಚುತ್ತಿದ್ದೆ. ಹಾಲಿನ ಪಕ್ಕ ಇಡಬೇಡಿ ಎಂದು ನಾನು ಕೂಗಾಡಲು ಈಗ ಎದುರಿಗೆ ಯಾರೂ ಇಲ್ಲ.

ಹೀಗೇ ನಡೆಯುತ್ತಿತ್ತೇನೋ. ಒಂದು ಶನಿವಾರ ಅವಳ ದನಿಯೇ ಬೇರೆಯಾಗಿತ್ತು. ಉಸಿರು ಬಿಡದೆ ಹೇಳಿದಳು. ನಾವಿಬ್ಬರೂ ಮೊದಲು ಅವಳ ಜೋಡಿಗಳಲ್ಲೆಲ್ಲ ಕೊನೆಯವರಾಗಿದ್ದೆವಂತೆ, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದವರ ಹಾಗೆ. ಈಗ ನಮ್ಮಷ್ಟು ಹೊಂದಿಕೊಂಡ ಜೋಡಿ ಇನ್ನೊಂದಿಲ್ಲ.

"ನಿಮ್ಮಿಬ್ಬರ ಹೊಟ್ಟೆ ಒಂದೇ ಆಗಿದೆಯಮ್ಮ. ಬೇರೆ ಯಾವ ಮನೆಯಲ್ಲೂ ಹೀಗಾಗಿಲ್ಲ."

ಇದನ್ನು ದೊಡ್ಡ ದೊಡ್ಡವರ ಮುಂದೆ ಹೇಳುವುದಕ್ಕೆ ಅವಳಿಗೆ ಅವಕಾಶ ಸಿಕ್ಕಿತ್ತು. ಅದಕ್ಕೆ ಮೊದಲು ಸೋಮವಾರ ಮನೆಗೇ ಬಂದು ಇಬ್ಬರ ರಕ್ತ ತೆಗೆದುಕೊಂಡು ಹೋಗುತ್ತೇನೆ, ಸಾರ್ ಇರುತ್ತಾರಲ್ಲವೇ ಎಂದು ಕೇಳಿದಳು. ಇರುತ್ತಾರೆ ಅಂದುಬಿಟ್ಟೆ.

ಫೋನಿಟ್ಟ ಮೇಲೆ ಮೊದಲು ನಗು ಬಂತು. ಒಬ್ಬಳದೇ ಹೊಟ್ಟೆಯನ್ನು ಎರಡು ಡಬ್ಬಿಗೆ ಹಾಕಿದರೆ ಹೊಂದದೆ ಇನ್ನೇನಾಗುತ್ತದೆ? ಆಮೇಲೆ ಸೋಮವಾರದ ರಕ್ತದ ನೆನಪಾಯಿತು. ನಾದಿನಿಯ ಗಂಡನನ್ನು ಕರೆದು ಕೂರಿಸಿದರೆ ಹೇಗೆ ಎಂದೂ ಯೋಚಿಸಿದೆ. ಆ ಮಹಾನುಭಾವ ಸೂಜಿ ಕಂಡರೆ ಮೂರ್ಛೆ ಹೋಗುತ್ತಾನೆ, ಮೂರ್ಛೆ ಹೋಗದಿದ್ದರೆ ಮಾತಾಡುತ್ತಾನೆ. ಎರಡೂ ಕಷ್ಟ.

ನಿಜ ಹೇಳಿದರೆ ಆ ಫೋನು ಮತ್ತೆ ಬರುವುದಿಲ್ಲ. ಸಾರ್ ಹೇಗಿದ್ದಾರೆ ಎಂದು ಕೇಳುವ ಕೊನೆಯ ಬಾಯಿಯೂ ಮುಚ್ಚಿಹೋಗುತ್ತದೆ. ಅಷ್ಟೇ ನನಗಿದ್ದ ಭಯ, ಬೈಗುಳದ ಭಯವಲ್ಲ. ಸುಮ್ಮನಿದ್ದುಬಿಟ್ಟರೆ? ಆ ಹುಡುಗಿ ಹಿರಿಯರ ಮುಂದೆ ನಿಂತು ನನ್ನ ಸುಳ್ಳನ್ನು ಓದುತ್ತಾಳೆ. ಅದನ್ನು ನಂಬಿ ಎಲ್ಲೆಲ್ಲಿಯದೋ ಗಂಡ ಹೆಂಡಿರು, ಕಡಲೆ ತಿಂದರೆ ನಾವು ಒಂದಾಗುತ್ತೇವೆ ಎಂದುಕೊಳ್ಳುತ್ತಾರೆ. ತನ್ನ ರೂಟು ತಪ್ಪಿದರೆ ಪ್ರಯಾಣಿಕರ ಮುಂದೆ ಒಪ್ಪಿಕೊಂಡು ಬಸ್ಸು ಹಿಂದಕ್ಕೆ ತಿರುಗಿಸುತ್ತಿದ್ದ ಮನುಷ್ಯ ನಮ್ಮವರು. ಅವರ ಹೆಸರಿನ ಡಬ್ಬಿಯಲ್ಲಿ ಸುಳ್ಳು ತುಂಬಿದ್ದು ಸಾಕು ಅನ್ನಿಸಿತು. ಸೋಮವಾರ ಅವಳು ಹೊರಡುವ ಮೊದಲೇ ಅಂಗಡಿಗೆ ಬೀಗ ಹಾಕಿ ನಾನೇ ಹೋದೆ.

ಪ್ರಯೋಗಾಲಯ ಎಂದರೆ ಏನೋ ಅಂದುಕೊಂಡಿದ್ದೆ. ಒಂದು ಉದ್ದನೆಯ ಕೋಣೆ, ಬೀರುವಿನಂಥ ಫ್ರೀಜರುಗಳು ಸಾಲಾಗಿ ನಿಂತು ಗುಂಯ್‌ಗುಡುತ್ತಿದ್ದವು. ಕೊನೆಯ ಮೇಜಿನಲ್ಲಿ ಒಬ್ಬ ಹುಡುಗಿ ಕಂಪ್ಯೂಟರು ನೋಡುತ್ತ ಒಬ್ಬಳೇ ಬ್ರೆಡ್ಡು ತಿನ್ನುತ್ತಿದ್ದಳು. ಊರಿಗೆಲ್ಲ ಕಾಳು ತಿನ್ನಿಸಿ ತಾನು ಬರೀ ಬ್ರೆಡ್ಡು. ದನಿಯಿಂದ ನಾನು ಊಹಿಸಿದ್ದಕ್ಕಿಂತ ಚಿಕ್ಕವಳು. ನಾನು ಯಾರೆಂದು ಹೇಳಿದ ಕೂಡಲೇ ಎದ್ದು ನಿಂತಳು, ನನ್ನ ಹಿಂದೆ ಬಾಗಿಲ ಕಡೆ ಇಣುಕಿದಳು.

"ಸಾರ್ ಬರಲಿಲ್ವಾ?"

"ಅವರು ತೀರಿಕೊಂಡ್ರಮ್ಮ."

ಅವಳು ಗಾಬರಿಯಿಂದ, ಶನಿವಾರ ಇದ್ದರಲ್ಲ ಅಂದಳು. ಶನಿವಾರವೂ ಇರಲಿಲ್ಲ, ಅದರ ಹಿಂದಿನ ಶನಿವಾರಗಳಲ್ಲೂ ಇರಲಿಲ್ಲ ಎಂದು ಹೇಳಿ, ಬಸ್ ಸ್ಟಾಪಿನ ದಿನ ಯಾವುದೆಂದು ತಿಳಿಸಿದೆ. ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. ಹಳದಿ ಡಬ್ಬಿ ಯಾರದೆಂದು ಕೇಳಲಿಲ್ಲ. ಅಷ್ಟು ಹೊತ್ತಿಗೆ ಅವಳಿಗೇ ಹೊಳೆದಿತ್ತು. ಎರಡೂ ನನ್ನದೇ ಎಂದು ನಾನೇ ಹೇಳಿದೆ. ಅವಳ ಕಿವಿ ಕೆಂಪಾಯಿತು.

"ಬ್ರೇಕ್ ಸರಿಯಿಲ್ಲ ಅಂತ ಬಯ್ತಿದ್ರು ಅಂದ್ರಲ್ಲಮ್ಮ."

"ಬದುಕಿದ್ದಿದ್ರೆ ಬಯ್ತಿದ್ರು."

ಅವಳಿಗೆ ಸಿಟ್ಟು ಬಂದಿತ್ತು, ಬರಬೇಕಾದದ್ದೇ. ಬೇರೆಯವರಾಗಿದ್ದರೆ ಕೂಗಾಡುತ್ತಿದ್ದರು. ಅವಳು ಕೂತು, ನಮ್ಮ ಜೋಡಿಯನ್ನು ಪಟ್ಟಿಯಿಂದ ತೆಗೆಯಬೇಕಾಗುತ್ತದೆ, ಮಾತಾಡಲು ಸಿಕ್ಕಿದ್ದ ಅವಕಾಶವನ್ನೂ ಬಿಡಬೇಕಾಗುತ್ತದೆ ಎಂದು ಸಣ್ಣ ದನಿಯಲ್ಲಿ ಹೇಳಿದಳು. ಕ್ಷಮಿಸು ಎಂದೆ.

ಹೊರಡಬೇಕಿತ್ತು. ಹೊರಡಲಿಲ್ಲ. ಅವರು ತಾವೇ ತುಂಬಿಸಿ ಕೊಟ್ಟದ್ದು ಇನ್ನೂ ಇಲ್ಲಿದೆಯೇ ಎಂದು ಕೇಳಿದೆ. ಅವಳು ಒಂದು ಫ್ರೀಜರಿನ ಕಡೆ ಕೈ ತೋರಿಸಿ, ಇದೆ, ಆದರೆ ಕೊಡುವ ಹಾಗಿಲ್ಲ ಅಂದಳು. ಕೊಟ್ಟರೆ ನಾನೇನು ಷೋಕೇಸಿನಲ್ಲಿ ಇಡಲೇ ಅಂದೆ. ಇಬ್ಬರಿಗೂ ನಗು ಬರಬೇಕಿತ್ತು, ಬರಲಿಲ್ಲ. ನಾನು ಕೇಳಬೇಕೆಂದಿದ್ದು ಬೇರೆ. ನಿಜವಾಗಿ ನಾವಿಬ್ಬರೂ ಹೇಗಿದ್ದೆವು?

ಅವಳು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. ಬಣ್ಣಬಣ್ಣದ ಎರಡು ಪಟ್ಟಿಗಳು. ಅವರದರಲ್ಲಿ ಹಸಿರು ಬಣ್ಣ ಅಗಲ, ಅದು ಕಾಳು ತಿಂದು ಬದುಕುವ ಜೀವಿಗಳದು. ನನ್ನದರಲ್ಲಿ ಅದು ದಾರದಷ್ಟು ತೆಳು. ನೋಡಿದರೆ ಒಂದೇ ಮನೆಯವರೆಂದು ಯಾರೂ ಹೇಳುವಂತಿರಲಿಲ್ಲ. ಅವಳು ಏನನ್ನೋ ಯೋಚಿಸಿ ಇನ್ನೊಂದು ಪಟ್ಟಿ ತೆಗೆದಳು, ನನ್ನದೇ, ಹೋದ ತಿಂಗಳದ್ದು. ಅದನ್ನು ಅವರ ಕೊನೆಯ ಪಟ್ಟಿಯ ಪಕ್ಕದಲ್ಲಿಟ್ಟಳು. ಓದು ಬರಹ ಬೇಕಿರಲಿಲ್ಲ, ಕಣ್ಣಿದ್ದರೆ ಸಾಕಿತ್ತು. ಹಸಿರಿನ ಅಗಲ ಅದೇ, ಪಕ್ಕದ ಬಣ್ಣಗಳೂ ಹೆಚ್ಚುಕಡಿಮೆ ಅವೇ.

"ಇವೆಲ್ಲ ಅವರದಾ?"

"ಹಾಗೆ ಹೇಳೋಕಾಗಲ್ಲಮ್ಮ. ಅದೇ ಊಟ ಮಾಡಿದ್ರೆ ಯಾರ ಹೊಟ್ಟೆನೂ ಈ ಕಡೆಗೆ ತಿರುಗಬಹುದು. ಒಂದಿಷ್ಟು ಮಾತ್ರ ಅವರಿಂದಲೇ ಬಂದಿರಬಹುದು. ಮೊದಲು ತಿನ್ನೋಕೆ ಸಿಗದೆ ಮೂಲೆಯಲ್ಲಿದ್ದವು, ಈಗ ಬೆಳೆದಿವೆ."

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುವ ಗಾದೆಯನ್ನು ಎಷ್ಟು ಸಲ ಯಾರ್ಯಾರಿಗೋ ಹೇಳಿ ನಕ್ಕಿದ್ದೆ. ಅವರು ಎದುರಿಗೆ ಕೂತು ಉಣ್ಣುತ್ತಿದ್ದಾಗ ನನ್ನ ಹೊಟ್ಟೆ ಅವರ ಕಡೆ ತಿರುಗಲಿಲ್ಲ. ಎದುರಿನ ಕುರ್ಚಿ ಖಾಲಿಯಾದ ಮೇಲೆ ತಿರುಗಿತು. ಬಸ್ಸು ಹೋದ ಮೇಲೆ ಸ್ಟಾಪಿಗೆ ಬಂದವಳು ನಾನು. ಗಂಡ ಸತ್ತ ದಿನ ಅತ್ತಿರಲಿಲ್ಲ, ಜನ ತುಂಬಿದ್ದರು, ಅವರಿಗೆ ಕೂರಲು ಜಾಗ ಮಾಡುವುದೇ ಆಗಿತ್ತು. ಆ ಫ್ರೀಜರುಗಳ ಮುಂದೆ ಅತ್ತೆ. ಹುಡುಗಿ ಏನು ಮಾಡಬೇಕೋ ತೋಚದೆ ಗಾಜು ಒರೆಸುವ ಕಾಗದ ತಂದುಕೊಟ್ಟಳು.

ಕಣ್ಣೊರೆಸಿಕೊಂಡು, ಅವರಿಂದ ಬಂದ ಆ ಒಂದಿಷ್ಟು ಎಷ್ಟು ದಿನ ಇರುತ್ತವೆ ಎಂದು ಕೇಳಿದೆ.

"ನೀವು ಕಾಳು ಹಾಕ್ತಾ ಇರೋವರೆಗೂ ಇರ್ತವಮ್ಮ. ಹಾಕೋದು ನಿಲ್ಲಿಸಿದ್ರೆ ಕಮ್ಮಿ ಆಗ್ತಾ ಹೋಗ್ತವೆ."

ಬಾಗಿಲವರೆಗೂ ಬಂದಳು. ಜೋಡಿಯಿಲ್ಲದವರಿಗೆ ಈ ಕೆಲಸದಲ್ಲಿ ಜಾಗವಿಲ್ಲ, ಇನ್ನು ಪೆಟ್ಟಿಗೆ ಬರುವುದಿಲ್ಲ ಎಂದು ತುಂಬ ಸಂಕೋಚದಿಂದ ಹೇಳಿದಳು. ಪರವಾಗಿಲ್ಲ ಅಂದೆ. ನಾನು ಮೆಟ್ಟಿಲಿಗೆ ಕಾಲಿಟ್ಟಾಗ ಹಿಂದಿನಿಂದ, "ಸಾರ್‌ಗೆ ಕೇಳಿದೆ ಅಂತ" ಎಂದಳು. ಅಷ್ಟಕ್ಕೇ ನಿಂತಳು. ನಾನು ತಿರುಗಿ ನೋಡಲಿಲ್ಲ, ಆಯ್ತಮ್ಮ ಎಂದಷ್ಟೇ ಹೇಳಿ ಇಳಿದೆ.

ಮುಂದಿನ ತಿಂಗಳು ಪೆಟ್ಟಿಗೆಯವನು ಬರಲಿಲ್ಲ. ಮೊದಲ ಶನಿವಾರ ಅಂಗಡಿ ತೆರೆಯದೆ ಫೋನನ್ನು ಮೇಜಿನ ಮೇಲಿಟ್ಟುಕೊಂಡು ಕೂತೆ. ಬರುವುದಿಲ್ಲ ಎಂದು ಗೊತ್ತಿತ್ತು. ಆದರೂ ಹೇಳಬೇಕಾದದ್ದು ಬಾಯಿಗೆ ಬಂದು ನಿಂತಿತ್ತು. ಬಸ್ ಸ್ಟಾಪಿಗೆ ಹೊಸದಾಗಿ ಬಣ್ಣ ಹೊಡೆದಿದ್ದಾರೆ, ಅವರಿಗೆ ಆ ಬಣ್ಣ ಹಿಡಿಸಿಲ್ಲ ಎಂದು. ಬಿಸಿಲು ಕಿಟಕಿಯಿಂದ ನೆಲಕ್ಕೆ, ನೆಲದಿಂದ ಗೋಡೆಗೆ ಹತ್ತಿತು. ಫೋನು ಸುಮ್ಮನಿತ್ತು.

ಎದ್ದು ಮೂಲೆಯ ದಿನಸಿ ಅಂಗಡಿಗೆ ಹೋದೆ. ಕಡಲೆ ಬೇಕು ಅಂದೆ. ಎಷ್ಟು ಜನಕ್ಕೆ ಎಂದು ಅಂಗಡಿಯವನು ಚೀಲಕ್ಕೆ ಕೈ ಹಾಕುತ್ತ ಕೇಳಿದ. ಒಬ್ಬರಿಗೆ ಎಂದೆ. ಹಾಗೆ ಹೇಳಿದ್ದು ಅದೇ ಮೊದಲು.

ಸಂಜೆ ಅವರ ಸ್ಟೀಲಿನ ಪಾತ್ರೆ ತೆಗೆದು ಒಂದು ಹಿಡಿ ಕಡಲೆ ಹಾಕಿದೆ. ನನ್ನ ಹಿಡಿ ಚಿಕ್ಕದು. ಸ್ಟೀರಿಂಗು ಹಿಡಿದ ಕೈಗೆ ಇದರ ಎರಡರಷ್ಟು ಬರುತ್ತಿತ್ತು. ಇನ್ನೊಂದು ಹಿಡಿ ಹಾಕಿ, ನೀರು ತುಂಬಿ, ತಟ್ಟೆ ಮುಚ್ಚಿದೆ.